ಅಂಟಿಕೊಂಡ ಎರಡು ಹಾಳೆ

ಬೈಂಡಿಂಗ್ ಮನೆಯ ಕಟಿಂಗ್ ಮಷಿನ್ನಿಗೆ ಒಂದೇ ಬೆಳಿಗ್ಗೆ ಇಬ್ಬರು ಕಾವಲುಗಾರರು ಬಂದು ಕೂತರು. ಮೊದಲು ಬಂದವನು ಸಹಕಾರ ಸಂಘದ ಜವಾನ. ಒಣಗಿದ ಕಡ್ಡಿಯ ಹಾಗೆ ಉದ್ದಕ್ಕಿದ್ದ. ಮಡಚುವ ಸ್ಟೂಲನ್ನು ತಾನೇ ತಂದುಕೊಂಡಿದ್ದನೆಂದರೆ, ಬಹಳ ದಿನ ಕೂರುವ ಅಂದಾಜಿನಲ್ಲೇ ಬಂದಿದ್ದ. ಅದಾದ ಅರ್ಧ ಗಂಟೆಗೆ ಕಾಗದದಂಗಡಿಯ ಗುಮಾಸ್ತ ಏದುಸಿರು ಬಿಡುತ್ತ ಓಡಿಬಂದ. ದುಂಡು ಮನುಷ್ಯ, ಸ್ಟೂಲು ಗೀಲು ಏನೂ ಇಲ್ಲ. ಸೊಸೆ ಹೊಲಿಗೆ ಹಾಕುವಾಗ ಕೂರುವ ಮಣೆಯನ್ನೇ ಎಳೆದುಕೊಂಡು ಯಂತ್ರದ ಇನ್ನೊಂದು ಬದಿಗೆ ಕೂತ. ಎರಡು ಮನೆಯವರೂ ಕರೆದೊಯ್ಯಲು ಬಂದ ನೆಂಟನ ಹಾಗೆ, ಯಂತ್ರ ಇಬ್ಬರ ನಡುವೆ ಯಾವ ಕಡೆಗೂ ಹೊರಡದೆ ನಿಂತಿತ್ತು.

ಒಳಗೆ ಅತ್ತೆ ಅಕ್ಕಿಯ ಡಬ್ಬಿ ಮುಂದಿಟ್ಟುಕೊಂಡು ಮುಖ ಗಂಟಿಕ್ಕಿದಳು.

"ಈ ಇಬ್ಬರಿಗೂ ಸೇರಿಸಿ ಅನ್ನ ಇಡಬೇಕಾ?"

"ಮನೆಯೊಳಗೆ ಕೂತೋರನ್ನ ಬಿಟ್ಟು ಹೇಗೆ ಉಣ್ಣೋದು ಅತ್ತೆ?"

"ಮಷಿನ್ ಹೊತ್ಕೊಂಡು ಹೋಗೋಕೆ ಬಂದೋರಿಗೆ ನಾವೇ ಉಣಿಸಿ ಬಲ ಕೊಡೋದು. ಚೆನ್ನಾಗಿದೆ," ಎಂದು ಗೊಣಗುತ್ತಲೇ ಅತ್ತೆ ಎರಡು ಪಾವು ಹೆಚ್ಚಿಗೆ ಅಳೆದಳು.

ಸಂಗತಿ ಇಷ್ಟು. ಆರು ವರ್ಷದ ಹಿಂದೆ ಮಾವ ಆ ಯಂತ್ರ ಕೊಂಡದ್ದೇ ಸಂಘದ ಸಾಲದಲ್ಲಿ, ಆ ಯಂತ್ರವನ್ನೇ ಸಂಘಕ್ಕೆ ಅಡವಿಟ್ಟು. ಕಂತು ಸರಿಯಾಗಿಯೇ ಹೋಗುತ್ತಿತ್ತು. ಆಮೇಲೆ ಮೂರು ಕಾರ್ಖಾನೆಗಳಿಂದ ಹಾಜರಿ ಪುಸ್ತಕದ ದೊಡ್ಡ ಆರ್ಡರು ಬಂತು. ಕಾಗದಕ್ಕೆ, ರಟ್ಟಿಗೆ, ಗೆರೆ ಹಾಕಿಸುವುದಕ್ಕೆ ಕೈಯಲ್ಲಿ ಕಾಸಿರಲಿಲ್ಲ. ಕಾಗದದಂಗಡಿಯ ಯಜಮಾನ ಅದೇ ಯಂತ್ರದ ಮೇಲೆ ಇನ್ನೊಂದು ಸಾಲ ಕೊಟ್ಟ. ಪುಸ್ತಕ ಅರ್ಧ ಸಿದ್ಧವಾಗುವ ಹೊತ್ತಿಗೆ ಆ ಕಾರ್ಖಾನೆಗಳು ಗೇಟಿನಲ್ಲಿ ಬೆರಳೊತ್ತುವ ಯಂತ್ರ ಹಾಕಿಸಿಕೊಂಡವು. ಹಾಜರಿ ಪುಸ್ತಕ ಯಾರಿಗೂ ಬೇಡವಾಯಿತು. ದಿನಕ್ಕೊಂದು ಚೌಕ ಗೆರೆ ಬಿದ್ದ ಕಾಗದ ಬೇರೆ ಯಾತಕ್ಕೂ ಬರುವಂಥದ್ದಲ್ಲ. ಅತ್ತೆ ಅದನ್ನು ಅಡುಗೆಮನೆಯ ಹಲಗೆಗಳಿಗೆ ಹಾಸಿದಳು, ಐದನೇ ತರಗತಿಯ ಮೊಮ್ಮಗಳು ಲೆಕ್ಕ ಮಾಡಿದಳು, ಆದರೂ ಮುಂದಿನ ಕೋಣೆಯ ಅರ್ಧಭಾಗ ಅದರದೇ. ಎರಡೂ ಸಾಲದ ಕಂತುಗಳು ನಿಂತವು. ಈಗ ಯಂತ್ರ ಮಾರಿದರೆ ಒಂದು ಸಾಲ ತೀರುತ್ತದೆ, ಇನ್ನೊಬ್ಬರ ಕೈಗೆ ಬರೀ ಗಾಳಿ. ಆ ಇನ್ನೊಬ್ಬರು ಯಾರು ಎಂಬುದೇ ಜಗಳ.

ಸಂಜೆ ಕಾಗದದಂಗಡಿಯ ಯಜಮಾನನೇ ಬಂದ. ಬಿಡಿ ಕಾಗದ ಕೊಡದೆ ರೀಮುಗಟ್ಟಲೆಯೇ ಮಾರುತ್ತಾನೆಂದು ಬೀದಿಯವರು ಅವನಿಗೆ ರೀಮಣ್ಣ ಎಂದು ಹೆಸರಿಟ್ಟಿದ್ದರು. ಅವನೂ ಮಾವನೂ ಮೀಸೆ ಚಿಗುರುವ ಮುಂಚಿನಿಂದ ಗೆಳೆಯರು. ಇಬ್ಬರಿಗೂ ಒಂದು ವಿಚಿತ್ರ ಸಂಕೋಚ: ಎದುರೆದುರು ಕೂತು ಹಣದ ಮಾತು ಆಡುತ್ತಿರಲಿಲ್ಲ. ಹಣದ ಮಾತು ಗುಮಾಸ್ತನ ಮೂಲಕ, ಇಲ್ಲವೇ ಚೀಟಿಯ ಮೂಲಕ. ಎದುರು ಕೂತರೆ ಹಳೇ ಶಾಲೆಯ ಮಾತು, ಮಂಡಿನೋವಿನ ಮಾತು. ಅಂದು ಮೊದಲ ಸಲ ರೀಮಣ್ಣ ಹಣದ ಮಾತು ಎತ್ತಿದ.

"ಲೋ, ಸಂಘದಲ್ಲಿ ಇದನ್ನ ಅಡವಿಟ್ಟಿದ್ದೆ ಅಂತ ನನಗೆ ಯಾಕೆ ಹೇಳಲಿಲ್ಲ?"

"ಹೇಳೋದೇನು ಕಣೋ? ನಿನ್ನ ಗುಮಾಸ್ತ ನೋಂದಣಿ ಕಚೇರಿಗೆ ಹೋಗಿ ಅಡವಿನ ಪುಸ್ತಕ ನೋಡ್ಕೊಂಡೇ ಬಂದನಲ್ಲ. ಗೊತ್ತಿದ್ದೂ ಕೊಟ್ಟೆ ಅಂದ್ಕೊಂಡೆ. ಎಂಥ ಮನಸ್ಸು ಇವನದು ಅಂತ ಇವಳ ಹತ್ತಿರ ಎಷ್ಟು ಹೊಗಳಿದೀನಿ, ಕೇಳು ಬೇಕಾದ್ರೆ."

"ಪುಸ್ತಕದಲ್ಲಿ ಇರಲಿಲ್ಲ."

"ಇದೆ. ನನ್ನೆದುರಿಗೇ ಬರೆದಿದ್ದಾರೆ. ನನ್ನ ಸಹಿ ಇದೆ."

"ಇವನು ಒಂದು ದಿನಪೂರ್ತಿ ಕೂತು ನೋಡಿದಾನೆ. ಏನಯ್ಯಾ?"

ಗುಮಾಸ್ತ ಮಣೆಯಿಂದ ಅರ್ಧ ಎದ್ದು, ಒಂದೊಂದೇ ಹಾಳೆ ತಿರುವಿ ನೋಡಿದೀನಿ ಯಜಮಾನ್ರೇ, ಎಂದ. ಕೆಂಪು ಬೆನ್ನಿನ ಪುಸ್ತಕ, ಆಗಷ್ಟೇ ಹೊಸದಾಗಿ ಬೈಂಡ್ ಆಗಿತ್ತು, ಇದೇ ಮನೆಯಲ್ಲಿ ಆಗಿದ್ದು ಎಂದೂ ಸೇರಿಸಿದ.

ಸೊಸೆ ಚಹಾ ಹಿಡಿದು ಬರುತ್ತಿದ್ದವಳು ಬಾಗಿಲಲ್ಲೇ ನಿಂತಳು. ಅಲ್ಲಿದ್ದವರಲ್ಲಿ ಅವಳೊಬ್ಬಳಿಗೆ ಗೊತ್ತಾಯಿತು, ಮಾವ ಹೇಳಿದ್ದೂ ನಿಜ, ಗುಮಾಸ್ತ ಹೇಳಿದ್ದೂ ನಿಜ ಎಂದು.

ನೋಂದಣಿ ಕಚೇರಿಯಲ್ಲಿ ಅಂಥದೊಂದು ಪುಸ್ತಕವಿದೆ. ಮನೆ ಜಮೀನು ಬಿಟ್ಟು, ಎತ್ತಿಕೊಂಡು ಹೋಗಬಹುದಾದ ಯಂತ್ರವನ್ನೋ ಗಾಡಿಯನ್ನೋ ಯಾರು ಯಾರಿಗೆ ಅಡವಿಟ್ಟರೆಂದು ಅದರಲ್ಲಿ ಬರೆಯುತ್ತಾರೆ. ಒಂದೇ ವಸ್ತುವಿನ ಮೇಲೆ ಇಬ್ಬರು ಸಾಲ ಕೊಟ್ಟಿದ್ದರೆ, ಯಾರದು ಮೊದಲು ಬರೆದಿದೆಯೋ ಅವರಿಗೆ ಮೊದಲ ಹಕ್ಕು. ಸಾಲ ಕೊಡುವವರು ಕೊಡುವ ಮೊದಲು ಆ ಪುಸ್ತಕ ತಿರುವಿ ನೋಡುತ್ತಾರೆ. ನೂರಾರು ಕೈ ತಿರುವಿ ತಿರುವಿ ಪುಸ್ತಕ ಚಿಂದಿಯಾದಾಗ ಬೈಂಡಿಂಗಿಗೆ ಇವರ ಮನೆಗೇ ಬರುತ್ತಿತ್ತು. ಕಚೇರಿಯ ಎಲ್ಲ ಪುಸ್ತಕಗಳೂ ಮಾವನ ಕೈಯಲ್ಲೇ ಆಗಬೇಕು. ಬೇರೆಯವರ ಬೆನ್ನುಪಟ್ಟಿ ಎರಡು ವರ್ಷಕ್ಕೆ ಬಿರಿಯುತ್ತಿತ್ತು, ಇವರದು ಹದಿನೈದು ವರ್ಷ ತಡೆಯುತ್ತಿತ್ತು.

ಹೋದ ವರ್ಷ ಆ ಕೆಂಪು ಪುಸ್ತಕ ಬಂದಾಗ ಮಾವನ ಎಡಗಣ್ಣಿಗೆ ಪೊರೆಯ ಆಪರೇಷನ್ ಆಗಿತ್ತು. ಕೆಲಸ ಪೂರ್ತಿ ಸೊಸೆಯದೇ ಆಯಿತು. ಹಳೆಯ ದಾರ ಬಿಚ್ಚಿ, ಹರಿದ ಹಾಳೆಗಳ ಅಂಚಿಗೆ ತೆಳು ಕಾಗದದ ಪಟ್ಟಿ ಅಂಟಿಸಿ, ಅಂಟು ಇನ್ನೊಂದು ಹಾಳೆಗೆ ತಾಗದಂತೆ ನಡುವೆ ಮೇಣದ ಕಾಗದ ಇಟ್ಟು ತಿರುಪಿನ ಒತ್ತುಯಂತ್ರದಲ್ಲಿ ಹಾಕಬೇಕು. ಮೇಣದ ಕಾಗದ ಒಂದು ಕಡೆ ಸಾಲದೆ ಬಂತು. ಅಂಗಡಿಗೆ ಹೋಗಿ ಬರಲು ಒಂದು ಗಂಟೆ. ಒಂದು ಜಾಗದಲ್ಲಿ ಇಲ್ಲದಿದ್ದರೆ ಏನಾದೀತು ಎಂದು ಹಾಗೇ ತಿರುಪು ಬಿಗಿದಳು. ಮಾರನೇ ದಿನ ಬಿಚ್ಚಿದರೆ ಎರಡು ಹಾಳೆ ಒಂದಕ್ಕೊಂದು ಕಚ್ಚಿಕೊಂಡಿದ್ದವು. ಹಾಳೆ ಮಡಚುವ ಮೂಳೆಯ ಕಡ್ಡಿಯಿಂದ ಮೆಲ್ಲಗೆ ಎಬ್ಬಿಸಲು ನೋಡಿದಳು. ಅಂಚಿನ ಒಂದು ಅಕ್ಷರದ ಶಾಯಿ ಎದ್ದು ಬಂತು. ಅಲ್ಲಿಗೇ ಬಿಟ್ಟುಬಿಟ್ಟಳು. ಒಳಗೆ ಯಾರ ಹೆಸರಿದೆ, ಯಾವ ಯಂತ್ರವಿದೆ ಎಂದು ಅವಳು ನೋಡಿರಲೇ ಇಲ್ಲ. ಇನ್ನೂರು ಹಾಳೆಯ ಪುಸ್ತಕದಲ್ಲಿ ಇದನ್ನೇ ಯಾರು ಹುಡುಕುತ್ತಾರೆ ಅಂದುಕೊಂಡಳು.

ಕಚೇರಿಯವರು ಪುಸ್ತಕ ಒಯ್ಯಲು ಬಂದಾಗ ಮಾವ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಹೊರಗೆ ಬಂದಿದ್ದ. ಹಾಳೆ ಎಲ್ಲ ಎಣಿಸಿದೆಯಾ ಎಂದು ಕೇಳಿದ. ಹೂಂ ಮಾವ, ಅಂದಳು. ಅವನು ಅವಳ ಮಾತಿನ ಮೇಲೆ ರಸೀತಿಗೆ ಸಹಿ ಹಾಕಿದ. ಪುಸ್ತಕ ಪರೀಕ್ಷಿಸಿ ಒಪ್ಪಿಸಿದ್ದೇನೆ ಎಂದು ರಸೀತಿಯಲ್ಲಿ ಅಚ್ಚಾಗಿತ್ತು.

ಈಗ ಯಂತ್ರದ ಜಗಳ ಆ ಕಚೇರಿಗೇ ಹೋಯಿತು. ಅವರು ವಿಚಾರಣೆಗೆ ಮೂರು ವಾರ ಮುಂದಿನ ದಿನ ಕೊಟ್ಟರು. ಅಲ್ಲಿಯವರೆಗೆ ಯಂತ್ರ ತಿರುಗಿಸುವಂತಿಲ್ಲ, ಜಾಗದಿಂದ ಅಲುಗಿಸುವಂತಿಲ್ಲ. ಕಾವಲುಗಾರರು ಬೆಳಿಗ್ಗೆ ಎಂಟಕ್ಕೆ ಬಂದು ಸಂಜೆ ಆರಕ್ಕೆ ಇಬ್ಬರೂ ಒಂದೇ ಹೊತ್ತಿಗೆ ಎದ್ದು ಹೋಗುತ್ತಿದ್ದರು. ಒಬ್ಬ ಮೊದಲು ಎದ್ದರೆ ಇನ್ನೊಬ್ಬನಿಗೆ ಅನುಮಾನ. ಹೋಗುವ ಮುಂಚೆ ಯಂತ್ರದ ಚಕ್ರಕ್ಕೆ ಇಬ್ಬರೂ ಒಂದೊಂದು ಬೀಗ ಜಡಿಯುತ್ತಿದ್ದರು. ಮೊದಲ ವಾರ ಮುಖ ಕೊಟ್ಟು ಮಾತಾಡಲಿಲ್ಲ. ಎರಡನೇ ವಾರಕ್ಕೆ ಒಂದೇ ಪೇಪರನ್ನು ಹರಿದು ಹಂಚಿಕೊಂಡು ಓದುತ್ತಿದ್ದರು. ಜವಾನ ಮೊಮ್ಮಗಳಿಗೆ ಭಾಗಾಕಾರ ಹೇಳಿಕೊಟ್ಟ. ಗುಮಾಸ್ತ ಬೇಳೆಗೆ ಉಪ್ಪು ಕಡಿಮೆ ಎಂದು ಅತ್ತೆಗೇ ಹೇಳುವಷ್ಟು ಮನೆಯವನಾದ. ಸಾಲ ವಸೂಲಿಗೆ ಬಂದೋರು ಉಪ್ಪಿನ ಲೆಕ್ಕವನ್ನೂ ಕೇಳ್ತಾರೆ ನೋಡು ಎಂದು ಅತ್ತೆ ಉಪ್ಪಿನ ಡಬ್ಬಿಯನ್ನೇ ತಂದು ಅವನ ಮುಂದೆ ಕುಕ್ಕಿದಳು.

ಮಾವ ಮಾತ್ರ ನಗಲಿಲ್ಲ. ಶಾಲೆಯ ನೋಟು ಪುಸ್ತಕಗಳ ಅಂಚನ್ನು ಕೈಚಾಕುವಿನಿಂದಲೇ ಕತ್ತರಿಸುತ್ತ, ಬೇರೆ ಏನೂ ಹೇಳದೆ, ಅದೊಂದನ್ನೇ ತಿರುಗಿ ತಿರುಗಿ ಹೇಳುತ್ತಿದ್ದ: ಯಂತ್ರ ಹೋದರೆ ಹೋಗಲಿ, ಕೈಯಿದೆ. ರೀಮಣ್ಣ ನನ್ನನ್ನು ಮೋಸಗಾರ ಅಂದ್ಕೊಂಡು ಕೂತಿದಾನಲ್ಲ, ಅದು ತೊಳೆದುಹೋಗಬೇಕು. ಪುಸ್ತಕ ತೆರೆದರೆ ನನ್ನ ಸಹಿ ಕಾಣುತ್ತೆ. ಆಗ ಅವನೇ ನಕ್ಕು, ನನ್ನ ಗುಮಾಸ್ತನ ಕಣ್ಣಿಗೂ ಆಪರೇಷನ್ ಮಾಡಿಸಬೇಕು ಅಂತಾನೆ.

ಅವನು ಹಾಗೆ ಹೇಳಿದಾಗಲೆಲ್ಲ ಸೊಸೆಯ ಬೆರಳಿಗೆ ಸೂಜಿ ಚುಚ್ಚುತ್ತಿತ್ತು. ಒಂದು ದಿನ ಬಟ್ಟೆ ಒಣಗಿಸುವಾಗ ಗಂಡನಿಗೆ ಹೇಳಿಯೇಬಿಟ್ಟಳು. ಗಂಡ ಅಪ್ಪನ ಕಸುಬು ಕಲಿಯದೆ ಬಸ್ ಡಿಪೋದಲ್ಲಿ ಟಿಕೆಟ್ ಲೆಕ್ಕ ನೋಡುವವನು. ಹಿಂಡುತ್ತಿದ್ದ ಚಾದರವನ್ನು ಹಾಗೇ ಹಿಡಿದುಕೊಂಡು ನಿಂತ.

"ಇನ್ನು ಯಾರಿಗೆ ಹೇಳಿದೀಯ?"

"ಯಾರಿಗೂ ಇಲ್ಲ. ಮಾವನಿಗೆ ಇವತ್ತು ಹೇಳ್ತೀನಿ."

"ಹೇಳಿದ್ರೆ ಅಪ್ಪ ಚಪ್ಪಲಿ ಮೆಟ್ಕೊಂಡು ನೇರ ಕಚೇರಿಗೆ ಹೋಗಿ ಒಪ್ಕೋತಾರೆ. ಕಚೇರಿ ಕೆಲಸ ಆವತ್ತಿಗೇ ಬಂದ್. ಮಷಿನ್ನೂ ಇಲ್ಲ, ಕಚೇರಿ ಕೆಲಸಾನೂ ಇಲ್ಲ ಅಂದ್ರೆ ನನ್ನೊಬ್ಬನ ಸಂಬಳದಲ್ಲಿ ಐದು ಹೊಟ್ಟೆ ಆಗುತ್ತಾ?"

"ರೀಮಣ್ಣ?"

"ದೊಡ್ಡ ಅಂಗಡಿ ಇದೆ, ತಡ್ಕೋತಾನೆ. ಹಾಳೆ ತಾನಾಗೇ ಬಿಟ್ಕೊಂಡಿದ್ರೂ ಬಿಟ್ಕೊಂಡಿರಬಹುದು. ಸುಮ್ಮನಿರು."

ಸುಮ್ಮನಿದ್ದಳು. ಆಮೇಲೆ ಎಷ್ಟೋ ಸಲ ಅದನ್ನೇ ನೆನೆದು ಕೊರಗಿದಳು: ಗಂಡ ಹೇಳಿದ್ದಕ್ಕೆ ಸುಮ್ಮನಿದ್ದೆನೋ, ಯಾರಾದರೂ ಹಾಗೆ ಹೇಳಲಿ ಎಂದೇ ಅವನಿಗೆ ಹೇಳಿದೆನೋ. ವಿಚಾರಣೆಗೆ ಇನ್ನೂ ಹನ್ನೊಂದು ದಿನವಿತ್ತು. ಹನ್ನೊಂದು ದಿನವೂ ಬೆಳಿಗ್ಗೆ ಮಾವನಿಗೆ ಚಹಾ ಕೊಡುವಾಗ ಮಾತು ಗಂಟಲವರೆಗೆ ಬರುವುದು, ಅವನು ಲೋಟ ತೆಗೆದುಕೊಂಡು ಮುಗುಳ್ನಗುವುದು, ಮಾತು ಇಳಿದುಹೋಗುವುದು.

ನೋಂದಣಿ ಕಚೇರಿಯ ಅಧಿಕಾರಿ ದಪ್ಪ ಕನ್ನಡಕದ ಹೆಂಗಸು, ಮಾತು ಕಡಿಮೆ. ಮೇಜಿನ ಒಂದು ಕಡೆ ಸಂಘದ ಕಾರ್ಯದರ್ಶಿ, ಇನ್ನೊಂದು ಕಡೆ ರೀಮಣ್ಣ, ಎದುರಿಗೆ ಮಾವ. ಗಂಡ ರಜೆ ಸಿಗಲಿಲ್ಲವೆಂದು ಬಂದಿರಲಿಲ್ಲ. ಸೊಸೆ ಗೋಡೆಗೆ ಒರಗಿ ನಿಂತಿದ್ದಳು. ಕಾರ್ಯದರ್ಶಿ ತನ್ನ ಕಡತದಿಂದ ಹಳೆಯ ರಸೀತಿ ತೆಗೆದಿಟ್ಟ. ಅದರಲ್ಲಿ ಪುಟದ ಸಂಖ್ಯೆಯೇ ಇತ್ತು: ನೂರಾ ಹದಿಮೂರು.

ಅಧಿಕಾರಿ ಪುಸ್ತಕ ತೆರೆದು ನೂರಾ ಹನ್ನೊಂದಕ್ಕೆ ಬಂದಳು. ಹಾಳೆ ತಿರುವಿದರೆ ನೂರಾ ಹದಿನಾಲ್ಕು. ಹಿಂದಕ್ಕೆ ಬಂದಳು, ಮುಂದಕ್ಕೆ ಹೋದಳು. ಆ ಹಾಳೆಯನ್ನು ಎರಡು ಬೆರಳ ನಡುವೆ ಹಿಡಿದು ಉಜ್ಜಿದಳು. ಕಚೇರಿಯ ಜವಾನನನ್ನು ಕರೆದು ಕುದಿಯುವ ನೀರಿನ ಕೆಟಲು ತರಿಸಿದಳು. ಹಬೆ ಹಿಡಿದು, ಕಾಗದದ ಚೂರಿಯಿಂದ ಬಿಡಿಸಲು ಕಾಲು ಗಂಟೆ ಹಿಡಿಯಿತು. ಇಷ್ಟೇನಾ, ಎಂದುಕೊಂಡಳು ಸೊಸೆ. ಮನೆಯ ಒಲೆಯ ಮೇಲೆ ಅಂದು ನೀರು ಕುದಿಯುತ್ತಲೇ ಇತ್ತಲ್ಲ.

ಒಳಗೆ ಕಟಿಂಗ್ ಮಷಿನ್ನು, ಅದರ ಸಂಖ್ಯೆ, ಸಂಘದ ಹೆಸರು, ತಾರೀಖು. ಕೆಳಗೆ ಮಾವನ ಗುಂಡಗಿನ ಸಹಿ.

ಅಧಿಕಾರಿ ಹೇಳಬೇಕಾದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದಳು. ಬರೆದದ್ದು ಬರೆದ ದಿನದಿಂದ ನಿಲ್ಲುತ್ತದೆ, ಹಾಳೆ ಅಂಟಿದ್ದು ಸಂಘದ ತಪ್ಪಲ್ಲ. ಮೊದಲ ಹಕ್ಕು ಸಂಘದ್ದು. ಯಂತ್ರ ಮಾರಿ ಸಂಘದ ಬಾಕಿ ಮುರಿದುಕೊಂಡು ಏನಾದರೂ ಉಳಿದರೆ ಅಂಗಡಿಯವರಿಗೆ. ಉಳಿಯುವುದು ಏನೂ ಇಲ್ಲವೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಆಮೇಲೆ ಅವಳು ಕನ್ನಡಕ ತೆಗೆದು, ಇದನ್ನ ಅಂಟಿಸಿದ್ದು ಯಾರು ಎಂದು ಕೇಳಿದಳು.

ಮಾವ ಬಾಗಿ ಹಾಳೆಯ ಅಂಚನ್ನು ಬೆರಳಿನಿಂದ ಸವರಿದ. ಹುಳ ಹಿಡಿಯದಿರಲಿ ಎಂದು ಅವನು ಅಂಟಿಗೆ ಬೆರೆಸುವ ಮೈಲುತುತ್ತದ ತಿಳಿ ನೀಲಿ ಅಲ್ಲಿ ಎದ್ದು ಕಾಣುತ್ತಿತ್ತು. ಊರಿನಲ್ಲಿ ಬೇರೆ ಯಾರೂ ಅಷ್ಟು ಬೆರೆಸುವುದಿಲ್ಲ.

"ಅಂಟು ನಮ್ಮ ಮನೇದೇ," ಎಂದ. ಸೊಸೆಯ ಕಡೆ ಅವನು ತಿರುಗಿ ನೋಡಲಿಲ್ಲ. ತಿರುಗದೆ ಇದ್ದದ್ದರಿಂದಲೇ ಅವನಿಗೆ ಗೊತ್ತಾಯಿತೆಂದು ಅವಳಿಗೆ ಗೊತ್ತಾಯಿತು.

ಅಧಿಕಾರಿ ಕಾದಳು. ನನಗಾಗ ಕಣ್ಣಿನ ಆಪರೇಷನ್ ಆಗಿತ್ತು ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಅವನು ಬಾಯಿ ಬಿಡಲಿಲ್ಲ.

ಸೊಸೆ ಗೋಡೆ ಬಿಟ್ಟು ಮುಂದೆ ಬಂದಳು. ಮೇಣದ ಕಾಗದ ಸಾಲದೆ ಬಂದದ್ದು, ಹಾಳೆ ಕಚ್ಚಿಕೊಂಡದ್ದು, ಶಾಯಿ ಎದ್ದದ್ದು, ಮಾವನಿಗೆ ಸುಳ್ಳು ಹೇಳಿದ್ದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಹೇಳುವಾಗಲೇ ಅವಳಿಗೆ ಅದು ಪಾಠ ಒಪ್ಪಿಸಿದಂತೆ ಕೇಳಿಸಿತು. ಅಷ್ಟು ದಿನ ಮನಸ್ಸಿನೊಳಗೇ ಹೇಳಿ ಹೇಳಿ ಮಾತು ನುಣುಪಾಗಿಬಿಟ್ಟಿತ್ತು.

ಅಧಿಕಾರಿ ಬೈಂಡಿಂಗಿನ ರಸೀತಿ ತಿರುಗಿಸಿ ಹಿಡಿದಳು. ಪರೀಕ್ಷಿಸಿ ಒಪ್ಪಿಸಿದ್ದೇನೆ, ಮಾವನ ಸಹಿ. ಕಾರ್ಯದರ್ಶಿ ಕೆಮ್ಮಿದ. ಇನ್ನೂರು ಹಾಳೆಯಲ್ಲಿ ನಿಮ್ಮ ಮನೆ ಸಾಲ ಇದ್ದ ಹಾಳೆಯೇ ಅಂಟಿಕೊಳ್ತಾ ಎಂದು ಅಧಿಕಾರಿ ಕೇಳಿದಳು. ಅಂಟಿದ್ದು ಅದೇ ಹಾಳೆ.

ರೀಮಣ್ಣ ಎದ್ದು ನಿಂತ. ಕೂಗಾಡಲಿಲ್ಲ.

"ಲೋ, ಮಾಡಿದ್ದು ಮಾಡಿದೆ. ಹೆಣ್ಣುಮಗಳನ್ನ ಯಾಕೋ ಮುಂದೆ ಬಿಟ್ಟೆ?"

ಮನೆಗೆ ಬರುವ ದಾರಿಯಲ್ಲಿ ಮಾವ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿದ್ದ. ಸೈಕಲ್ ರಿಪೇರಿ ಅಂಗಡಿಯ ತಿರುವಿನಲ್ಲಿ ನಿಂತ, ಅವಳು ಬಂದು ಸೇರುವವರೆಗೆ ಕಾದ.

"ಹಾಳೆ ಅಂಟೋದು ತಪ್ಪಲ್ಲ ಮಗಳೇ. ನನ್ನ ಕೈಯಲ್ಲೂ ಎಷ್ಟೋ ಅಂಟಿವೆ. ಅಂಟಿದಾಗ ನನ್ನ ಕೂಗಬೇಕಿತ್ತು. ಕಣ್ಣಿಗೆ ಪಟ್ಟಿ ಕಟ್ಟಿತ್ತು, ಕೈಗಲ್ಲವಲ್ಲ."

ಅಷ್ಟೇ ಹೇಳಿದ್ದು. ಬೈದಿದ್ದರೆ ಚೆನ್ನಾಗಿತ್ತು.

ಯಂತ್ರ ಹೊತ್ತೊಯ್ಯಲು ಸಂಘದವರು ಆರು ಜನ ಕೂಲಿಗಳನ್ನೂ ಕಬ್ಬಿಣದ ಕೊಳವೆಗಳನ್ನೂ ತಂದರು. ಕೊಳವೆಯ ಮೇಲೆ ಉರುಳಿಸಿ ಬಾಗಿಲು ದಾಟಿಸಲು ಬಾಗಿಲ ಚೌಕಟ್ಟಿನ ಒಂದು ಪಟ್ಟಿ ಕೀಳಬೇಕಾಯಿತು. ಜವಾನ ಸ್ಟೂಲು ಮಡಚಿಕೊಂಡು, ಮೊಮ್ಮಗಳ ತಲೆ ಸವರಿ, ಅಡುಗೆಮನೆಯ ಬಾಗಿಲಿಗೆ ಹೋಗಿ ಅತ್ತೆಗೆ ಬರ್ತೀನಮ್ಮಾ ಎಂದು ಹೇಳಿಯೇ ಹೊರಟ. ಯಂತ್ರದ ಅಡಿಯಲ್ಲಿ ಹತ್ತಾರು ಸೂಜಿ, ಒಂದು ಬಾಚಣಿಗೆ, ಐದು ವರ್ಷದ ಹಿಂದೆ ಕಳೆದುಹೋಗಿ, ನೆರೆಮನೆಯಾಕೆಯೇ ಒಯ್ದಳೆಂದು ಅತ್ತೆ ಆಕೆಯ ಜೊತೆ ಮಾತು ಬಿಡುವಂತೆ ಮಾಡಿದ್ದ ಒಲೆಯ ಚಿಮಟ, ಎಲ್ಲ ಸಿಕ್ಕವು. ಅತ್ತೆ ಚಿಮಟವನ್ನು ಸೆರಗಿನಲ್ಲಿ ಒರೆಸಿ, ಇನ್ನು ಆಕೆಗೆ ಯಾವ ಮುಖ ಇಟ್ಕೊಂಡು ಹೇಳಲಿ ಎಂದು ಕೂತುಬಿಟ್ಟಳು.

ಮಾರನೇ ದಿನ ರೀಮಣ್ಣನ ಗುಮಾಸ್ತ ಬಂದ. ಈ ಸಲ ಮಣೆ ಎಳೆದುಕೊಳ್ಳದೆ ನಿಂತೇ ಒಂದು ಕಾಗದ ಕೊಟ್ಟ. ಪುಸ್ತಕದ ಹಾಳೆಗಳನ್ನು ನಾನು ತಿಳಿದೇ ಅಂಟಿಸಿದ್ದೆ, ಅದಕ್ಕೆ ವಿಷಾದಿಸುತ್ತೇನೆ, ಬಾಕಿ ಹಣವನ್ನು ತಿಂಗಳು ತಿಂಗಳು ತೀರಿಸುತ್ತೇನೆ ಎಂದು ಮಾವ ಬರೆದುಕೊಡಬೇಕು. ಕೊಟ್ಟರೆ ಯಜಮಾನರು ಪೊಲೀಸಿಗೆ ಹೋಗುವುದಿಲ್ಲ. ಕೊಡದಿದ್ದರೆ ದೂರು ಕೊಡಲೇಬೇಕು, ದೂರಿನಲ್ಲಿ ಸೊಸೆಯ ಹೆಸರನ್ನೂ ಬರೆಸಬೇಕಾಗುತ್ತದೆ, ತಾನೇ ಮಾಡಿದ್ದೆಂದು ಅಧಿಕಾರಿಯ ಎದುರು ಹೇಳಿದ್ದಾಳಲ್ಲ. ಇಷ್ಟನ್ನು ಹೇಳುವಷ್ಟರಲ್ಲಿ ಗುಮಾಸ್ತನ ಹಣೆ ಬೆವರಿತು. ಉಣ್ಣು ಎಂದರೂ ನಿಲ್ಲಲಿಲ್ಲ.

ಆ ಮಧ್ಯಾಹ್ನ ಊಟಕ್ಕೆ ಕೂತಾಗ ಅದೇ ಮಾತು. ಗಂಡ ಸಹಿ ಹಾಕಿ ಮುಗಿಸಿ ಅಂದ. ಮಾಡದ್ದನ್ನ ಮಾಡಿದೆ ಅಂತ ಬರ್ಕೊಡೋದಾ ಎಂದು ಅತ್ತೆ ಮಗನ ಮೇಲೆ ಹರಿಹಾಯ್ದಳು. ಬರ್ಕೊಡದೆ ಹೆಂಡತೀನ ಸ್ಟೇಷನ್ನಿಗೆ ಕಳಿಸಲಾ ಎಂದು ಅವನು ತಟ್ಟೆ ತಳ್ಳಿದ. ನಡುವೆ ಮೊಮ್ಮಗಳು ತಲೆಯೆತ್ತಿದಳು.

"ತಾತ ಅಂಟಿಸಿಲ್ವಲ್ಲ. ಅಮ್ಮ ಅಲ್ವಾ? ಅಮ್ಮ ಹೇಳಿದ್ಮೇಲೂ ಯಾಕೆ ನಂಬಲ್ಲ?"

"ಉಣ್ಣು," ಎಂದ ಮಾವ.

ಸೊಸೆ ಕೈ ತೊಳೆದುಕೊಂಡು ಯಾರಿಗೂ ಹೇಳದೆ ಕಾಗದದಂಗಡಿಗೆ ಹೋದಳು. ಬಣ್ಣ ಬಣ್ಣದ ರಟ್ಟುಗಳ ಅಟ್ಟಿಯ ನಡುವೆ ರೀಮಣ್ಣ ಒಬ್ಬನೇ ಕೂತಿದ್ದ. ಅವಳು ಹೇಳಿದ್ದನ್ನೆಲ್ಲ ಪೂರ್ತಿ ಕೇಳಿದ. ನಡುವೆ ಒಮ್ಮೆಯೂ ತಡೆಯಲಿಲ್ಲ.

"ಮಾವ ಕಳಿಸಿದ್ನಾ ತಾಯಿ?"

"ಇಲ್ಲ. ಅವರಿಗೆ ಗೊತ್ತೇ ಇಲ್ಲ."

"ಆ ಪುಸ್ತಕ ಒಪ್ಪಿಸಿದ ಮಾರನೇ ದಿನ ನೀನು ಹೇಳಿದ್ರೆ ಅದು ಕೈತಪ್ಪು. ನಾನು ದುಡ್ಡು ಕೊಡೋ ಮುಂಚೆ ಹೇಳಿದ್ರೂ ನಂಬ್ತಿದ್ದೆ. ಹೋಗಲಿ, ನನ್ನ ಗುಮಾಸ್ತ ನಿಮ್ಮನೇಲಿ ಕೂತು ಉಂಡ ಮೂರು ವಾರದಲ್ಲಿ ಒಂದು ದಿನ ಹೇಳಿದ್ರೂ ನಂಬ್ತಿದ್ದೆ. ಹಾಳೆ ಸಿಕ್ಕಿಬಿದ್ದ ಮೇಲೆ ಹೇಳಿದ್ದನ್ನ ಏನಂತ ನಂಬಲಿ?"

ಅವನು ಪಕ್ಕದ ರಟ್ಟಿನ ಅಟ್ಟಿಯನ್ನು ಸರಿಮಾಡಿದ.

"ಅದು ಅಂಗಡಿ ದುಡ್ಡಾಗಿದ್ರೆ ಇಷ್ಟು ಹೇಳ್ತಿರಲಿಲ್ಲ," ಎಂದು ಅವನು ಮೆಲ್ಲಗೆ ಸೇರಿಸಿದ. "ನನ್ನ ಹೆಂಡತಿ ಮಂಡಿಗೆ ಅಂತ ಎತ್ತಿಟ್ಟಿದ್ದು. ಅವಳು ಇವತ್ತಿಗೂ ಗೋಡೆ ಹಿಡ್ಕೊಂಡೇ ನಡೀತಾಳೆ. ದೂರು ಕೊಡು ಅಂತ ಮಕ್ಕಳೆಲ್ಲ ಅಂದ್ರು. ನಾನೇ ಬೇಡ ಅಂದೆ. ಕ್ಷಮಿಸಿದೀನಿ ಅಂತ ಹೇಳು ಅವನಿಗೆ."

ಮಾಡದ ತಪ್ಪಿಗೆ ಕ್ಷಮೆ. ಅದನ್ನು ಹೊತ್ತುಕೊಂಡು ಅವಳು ಮನೆಗೆ ಬಂದಳು, ಮಾವನಿಗೆ ಹೇಳಲಿಲ್ಲ. ಹೇಳುವ ಹೊತ್ತಿನಲ್ಲಿ ಹೇಳದೆ ಕೆಟ್ಟದ್ದಾಗಿತ್ತು. ಇದನ್ನು ಹೇಳಿ ಇನ್ನೇನು ಕೆಡಿಸುವುದು ಎನಿಸಿತು.

ಅವಳು ಬರುವಷ್ಟರಲ್ಲಿ ಮಾವ ಕಾಗದವನ್ನು ಹೊಲಿಗೆಯ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದ. ಸಹಿ ಹಾಕಬೇಡಿ ಮಾವ, ನಾನು ಸ್ಟೇಷನ್ನಿಗೆ ಹೋಗ್ತೀನಿ, ಇದ್ದದ್ದು ಇದ್ದ ಹಾಗೆ ಹೇಳ್ತೀನಿ, ಎಂದಳು.

"ಒಂದು ಸಲ ಹೇಳಿದ್ದಾಯ್ತಲ್ಲ," ಎಂದ ಅವನು. ಚುಚ್ಚುವ ದನಿಯಲ್ಲಲ್ಲ, ದಣಿದ ದನಿಯಲ್ಲಿ. "ಅಲ್ಲೂ ಹೀಗೇ ಕೇಳ್ತಾರೆ. ಈ ಮಗು ಶಾಲೆಗೆ ಹೋಗಬೇಕು."

ಗುಂಡಗೆ, ಅವಸರವಿಲ್ಲದೆ ಸಹಿ ಹಾಕಿದ. ಶಾಯಿ ಆರುವವರೆಗೆ ಕಾದು ಮಡಚಿದ. ತಿಳಿದೇ ಅಂಟಿಸಿದ್ದೆ ಎಂದಿದ್ದ ಸಾಲಿನ ಮೇಲೆ ಮಡಿಕೆ ಬೀಳದಂತೆ, ಕೆಲಸದವರ ಅಭ್ಯಾಸದಿಂದ, ಅಂಚಿಗೆ ಅಂಚು ಸರಿಯಾಗಿ ಕೂರಿಸಿ ಮಡಚಿದ.

ಕಚೇರಿಯ ಕೆಲಸ ನಿಂತಿತು. ಕೈಚಾಕುವಿನಲ್ಲಿ ಆಗುವಂಥ ಸಣ್ಣ ಪುಟ್ಟ ಕೆಲಸ ಮಾತ್ರ ಉಳಿಯಿತು: ವಿದ್ಯಾರ್ಥಿಗಳ ನೋಟ್ಸು, ಅಂಗಡಿಗಳ ಬಿಲ್ ಪುಸ್ತಕ, ಯಾರದೋ ಮನೆಯ ಹರಿದ ನಿಘಂಟು. ಗಂಡ ಡಿಪೋದಲ್ಲಿ ರಾತ್ರಿ ಪಾಳಿಯನ್ನೂ ಹಿಡಿದ. ಅತ್ತೆ ಚಿಮಟ ಹಿಡಿದುಕೊಂಡು ನೆರೆಮನೆಗೆ ಹೋಗಿ, ಆಕೆಯ ಬಾಯಿಂದ ಅರ್ಧ ಗಂಟೆ ಅನ್ನಿಸಿಕೊಂಡು, ಹಗುರಾಗಿ ಬಂದಳು. ಸೊಸೆ ಅದನ್ನು ಕಿಟಕಿಯಿಂದ ನೋಡುತ್ತ, ಹಾಗೆ ಅನ್ನಿಸಿಕೊಳ್ಳುವ ಭಾಗ್ಯವೂ ನನಗಿಲ್ಲವಲ್ಲ ಅಂದುಕೊಂಡಳು.

ಎರಡು ತಿಂಗಳು ಕಳೆದ ಮೇಲೆ ಬಿಲ್ ಪುಸ್ತಕಕ್ಕೆ ಕಾಗದ ಬೇಕಾಯಿತು. ಬೇರೆ ಅಂಗಡಿಯಿರುವುದು ರೈಲು ಹಳಿಯ ಆಚೆ. ಮಾವ ಒಂದು ಗಳಿಗೆ ಯೋಚಿಸಿ, ರೀಮಣ್ಣನಲ್ಲಿಗೇ ಹೋಗೋಣ, ಕಾಸು ಕೊಟ್ಟು ತರೋದು ತಾನೆ ಎಂದ. ಸೊಸೆಯೂ ಜೊತೆಗೆ ಹೋದಳು.

ಅಂಗಡಿಯಲ್ಲಿ ಗಿರಾಕಿಗಳಿದ್ದರು. ರೀಮಣ್ಣ ಇವರನ್ನು ಕಂಡವನೇ ಎದ್ದು ನಿಂತ. ಕೋಪವಿಲ್ಲ, ಬಿಗುವೂ ಇಲ್ಲ. ಗುಮಾಸ್ತನಿಗೆ ಹೇಳಿ ಕುರ್ಚಿ ಹಾಕಿಸಿದ.

"ಬನ್ನಿ, ಕೂತ್ಕೊಳ್ಳಿ. ಆರೋಗ್ಯ ಹೇಗಿದೆ? ಕಣ್ಣು ಪರವಾಗಿಲ್ವಾ ನಿಮ್ಮದು?"

ಮಾವ ಹಿಂದೆ ಯಾರಾದರೂ ನಿಂತಿದ್ದಾರೋ ಎಂಬಂತೆ ಒಮ್ಮೆ ಪಕ್ಕಕ್ಕೆ ನೋಡಿದ. ಮಾತು ತನಗೇ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಪರವಾಗಿಲ್ಲ," ಎಂದ. ಲೋ ಎನ್ನಲು ಬಾಯಿ ತೆರೆದದ್ದು ಹಾಗೇ ಮುಚ್ಚಿಕೊಂಡಿತು. "ನಿಮ್ಮ ಮನೆಯವರ ಮಂಡಿ?"

"ಹಾಗೇ ಇದೆ. ನಡೀತಿದೆ."

ಗುಮಾಸ್ತ ಒಂದು ರೀಮು ಕಾಗದ ಕಟ್ಟಿಕೊಟ್ಟ. ರೀಮಣ್ಣ ಚಿಲ್ಲರೆಯನ್ನು ಎರಡು ಕೈಯಿಂದ ಕೊಟ್ಟ, ಮಾವ ಎರಡು ಕೈಯಿಂದ ತೆಗೆದುಕೊಂಡ. ಬರ್ತೀನಿ ಎಂದರೆ, ಆಗಲಿ, ಹೋಗಿ ಬನ್ನಿ ಎಂದು ಅವನು ಬಾಗಿಲವರೆಗೂ ಬಂದು ಬೀಳ್ಕೊಟ್ಟ.

ಬೀದಿಗಿಳಿದು ಮಾವ ಮುಂದೆ ನಡೆದ. ಕಾಗದದ ಕಟ್ಟನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸಿದ. ಸೊಸೆಗೆ ಅವನ ಕಾಲಿಗೆ ಬೀಳಬೇಕೆನಿಸಿತು, ಆದರೆ ಅದು ನಡುಬೀದಿ. ಸೈಕಲ್ ರಿಪೇರಿ ಅಂಗಡಿ ದಾಟಿದ ಮೇಲೆ ಅವನೇ ಬಾಯಿಬಿಟ್ಟ.

"ಮುಂದಿನ ಸಲ ಹಳಿ ಆಚೆ ಅಂಗಡೀಲೇ ತರೋಣ. ಸ್ವಲ್ಪ ದೂರ ಆಗುತ್ತೆ."

"ನಾನು ಹೋಗ್ತೀನಿ ಮಾವ. ನೀವು ಬರೋದು ಬೇಡ."

"ಭಾರ ಇರುತ್ತೆ."

"ಇರಲಿ," ಎಂದಳು. ಕೈ ಚಾಚಿ ಅವನ ಹೆಗಲ ಮೇಲಿದ್ದ ಕಟ್ಟನ್ನು ಈಗಲೇ ತೆಗೆದುಕೊಂಡಳು. ಅವನು ಬೇಡ ಎನ್ನಲಿಲ್ಲ.